ರಕ್ತವನ್ನು ತೊಳೆದ ದಿನ

ಭಾನುವಾರ, ಮಾರ್ಚ್ ೯
ಲಾಂಡ್ರಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕನವರಿಗೆ,

ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಈ ಮಾತನ್ನು ಇಷ್ಟು ವರ್ಷ ಅಭ್ಯಾಸಕ್ಕೆ ಬರೆಯುತ್ತಿದ್ದೆ, ಇವತ್ತು ಒತ್ತಿ ಒತ್ತಿ ಬರೆದಿದ್ದೇನೆ. ಬೇಕಾದರೆ ಹಾಳೆಯ ಹಿಂಬದಿ ಬೆರಳಾಡಿಸಿ ನೋಡಿ, ಅಕ್ಷರ ಕೈಗೆ ಸಿಗುತ್ತದೆ.

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಮುನಿಸಿಕೊಂಡಿರುತ್ತೀರಿ, ಗೊತ್ತು. ಫೋನಿನಲ್ಲಿ ನಿಮ್ಮ ತಮ್ಮ ಎಲ್ಲ ಹೇಳಲು ಹೊರಟರೆ ನೀವು ನಾಲ್ಕು ಸಲ "ಏನು?" ಎಂದು ಇಟ್ಟುಬಿಟ್ಟಿರಂತೆ. ಆ ಕಿವಿಗೆ ಮಿಷಿನ್ ಹಾಕಿಸಿಕೊಳ್ಳಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಆದರೆ ಈ ವಿಷಯ ಫೋನಿನಲ್ಲಿ ಕೂಗಿ ಹೇಳುವಂಥದ್ದೂ ಅಲ್ಲ. ಕುಳಿತು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿ.

ಮಗಳಿಗೆ ಹೆಣ್ಣುಮಗು ಆಯಿತು ಅಕ್ಕ. ಹೆರಿಗೆ ಸಲೀಸು. ಹುಟ್ಟಿದ ಕೂಡಲೇ ಚಾವಣಿ ಹಾರಿಹೋಗುವ ಹಾಗೆ ಅತ್ತಳು. ಮೂಗು ನಮ್ಮ ಕಡೆಯದು, ಕೋಪ ನಿಮ್ಮ ಕಡೆಯದು. ಅಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಬಿಟ್ಟು ಓಡಿಬಂದವನು, ಮಗುವನ್ನು ನೋಡಿ ತನ್ನ ಕನ್ನಡಕವನ್ನೇ ಎಲ್ಲೋ ಬಿಟ್ಟು ಹುಡುಕಾಡಿದ. ಅವತ್ತು ಸಂಜೆವರೆಗೂ ನಮ್ಮಷ್ಟು ಸುಖಿಗಳು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನರ್ಸು ಮಗುವಿನ ಮೈ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಹೊಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ರಟ್ಟೆಯ ಮೇಲೆ, ಬೆನ್ನಿನ ಮೇಲೆ ನೀಲಿಗಟ್ಟಿದ ಗುರುತುಗಳು. ಅವಳು ತಲೆಯೆತ್ತಿ ಕೇಳಿದಳು, "ಮಗೂನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದು ಯಾರಮ್ಮ?"

ನಮ್ಮ ಬೀಗಿತ್ತಿ, ಅಳಿಯನ ತಾಯಿ, ಒಳ್ಳೆಯ ಹೆಂಗಸೇ, ಆದರೆ ನಾಲಿಗೆಗೆ ತಾಳ್ಮೆ ಇಲ್ಲ. "ಪಾಪ, ಮೊದಲ ಮಗು. ಎತ್ಕೊಳ್ಳೋದು ಹೇಗೆ ಅಂತ ಗೊತ್ತಾಗಿರಲ್ಲ" ಎಂದರು. ಎಲ್ಲರ ಕಣ್ಣೂ ನಮ್ಮ ಹುಡುಗಿಯ ಕೈಗಳ ಮೇಲೆ ಹೋಯಿತು. ಅವಳು ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಅಕ್ಕ, ಅದನ್ನು ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಮಗಳ ಕೈ ಸುದ್ದಿಗೆ ಯಾರೂ ಬರ್ಬೇಡಿ! ಮೊದ್ಲು ಡಾಕ್ಟ್ರನ್ನ ಕರೀರಿ!" ಎಂದು ಕೂಗಿದೆ. ನಮ್ಮ ಲಾಂಡ್ರಿ ಬಾಯ್ಲರಿನ ಸದ್ದಿನ ನಡುವೆ ಮಾತಾಡಿ ಬೆಳೆದ ಗಂಟಲಲ್ಲವೇ, ಅಕ್ಕಪಕ್ಕದ ಮೂರು ವಾರ್ಡಿನವರು ಬಾಗಿಲಿಗೆ ಬಂದರು.

ಮಕ್ಕಳ ಡಾಕ್ಟರು ಬಂದು ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಆ ಒಂದು ತೂತು ಎಷ್ಟು ಹೊತ್ತಾದರೂ ಮುಚ್ಚಿಕೊಳ್ಳಲಿಲ್ಲ, ಹತ್ತಿ ಮೇಲೆ ಹತ್ತಿ ನೆನೆಯಿತು. ರಿಪೋರ್ಟು ಬಂದಾಗ ಅವರ ಮುಖ ಸಪ್ಪಗಾಯಿತು. ರಕ್ತ ಹೆಪ್ಪುಗಟ್ಟಲು ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಬೇಕಂತೆ. ಎಲ್ಲಿ ನಾಳ ಒಡೆದರೂ ಅವು ಓಡಿಹೋಗಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಲಕ್ಷಕ್ಕೂ ಮೀರಿ ಇರಬೇಕಾದ ಕಡೆ ನಮ್ಮ ಮಗುವಿಗೆ ಹತ್ತು ಸಾವಿರವೂ ಇರಲಿಲ್ಲ. "ಚರ್ಮದ ಕೆಳಗೆ ಸೋರಿದ್ದು ಈ ನೀಲಿ ಗುರುತು. ಇದಕ್ಕೆ ಭಯ ಇಲ್ಲ. ತಲೆಯೊಳಗೆ ಸೋರಿದ್ರೆ ಮಾತ್ರ ಕಷ್ಟ" ಎಂದರು. ನೆತ್ತಿಯ ಮೆತ್ತನೆ ಜಾಗದ ಮೇಲೆ ಮಿಷಿನ್ ಇಟ್ಟು ಒಳಗೆ ನೋಡಿದರು. ಸದ್ಯಕ್ಕೆ ಏನೂ ಇಲ್ಲ. ಆ "ಸದ್ಯಕ್ಕೆ" ಎಂಬ ಮಾತನ್ನು ಹಿಡಿದುಕೊಂಡು ನಾವು ಕುಳಿತೆವು.

ಕೆಳಗಿನ ರಕ್ತನಿಧಿಯಿಂದ ಮಗುವಿನ ಗುಂಪಿನದೇ ಪ್ಲೇಟ್‌ಲೆಟ್ ತಂದು ಹಾಕಿದರು. ಎಣಿಕೆ ಏರಿತು. ಅಳಿಯ ಎಲ್ಲರ ಕೈ ಕುಲುಕಿದ. ಬೆಳಗಾಗುವುದರೊಳಗೆ ಎಣಿಕೆ ಮೊದಲಿದ್ದ ಜಾಗಕ್ಕೇ ಇಳಿದು ಕೂತಿತ್ತು. ಸುರಿದದ್ದೆಲ್ಲ ಎಲ್ಲಿ ಹೋಯಿತು ಎಂದು ಮಕ್ಕಳ ಡಾಕ್ಟರಿಗೇ ಅನುಮಾನ ಬಂದು, ಕೆಳಗಿನ ರಕ್ತದ ಡಾಕ್ಟರಮ್ಮನನ್ನು ಕರೆಸಿದರು.

ಈ ಡಾಕ್ಟರಮ್ಮನ ಬಗ್ಗೆ ಹೇಳಲೇಬೇಕು. ಗಿಡ್ಡಗಿದ್ದಾರೆ, ವೇಗವಾಗಿ ನಡೆಯುತ್ತಾರೆ, ಮಾತಾಡುವಾಗ ಎದುರಿಗಿದ್ದವರ ಕಣ್ಣು ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಮಗಳ ರಕ್ತ ಕೇಳಿದರು, ಅಳಿಯನದು ಕೇಳಿದರು. "ನನ್ನದೂ ತಗೊಳ್ಳಿ" ಎಂದು ನಿಮ್ಮ ತಮ್ಮ ಎದೆಯುಬ್ಬಿಸಿ ಮುಂದೆ ಹೋದರು. ಸೂಜಿ ಇನ್ನೂ ಪೊಟ್ಟಣದಲ್ಲಿತ್ತು ಅಕ್ಕ, ಪೊಟ್ಟಣದಲ್ಲಿ! ಅದನ್ನು ಹರಿಯುವ ಸದ್ದಿಗೇ ಧೊಪ್ಪೆಂದು ಬಿದ್ದರು. ಮೀಸೆಯ ಟೆಕ್ನಿಷಿಯನ್ ಒಬ್ಬರು ಹಿಡಿಯದಿದ್ದರೆ ನೆಲದ ಹಾಸುಗಲ್ಲು ಒಡೆಯುತ್ತಿತ್ತು. ನಿಮ್ಮ ಮನೆಯ ಗಂಡಸರ ಧೈರ್ಯವನ್ನು ನೀವು ಹೊಗಳುವಾಗಲೆಲ್ಲ ಇನ್ನು ನಾನು ಇದನ್ನು ನೆನಪಿಸುತ್ತೇನೆ. ಎಚ್ಚರವಾದ ಮೇಲೆ ಮಲಗಿಸಿಯೇ ತೆಗೆದರು.

ಮಧ್ಯಾಹ್ನ ಡಾಕ್ಟರಮ್ಮ ನನ್ನನ್ನೂ ಅಳಿಯನನ್ನೂ ಕೆಳಗೆ ಕರೆದರು. ಒಂದು ಗಾಜಿನ ಕೊಳವೆ ತೋರಿಸಿದರು. ಅದರಲ್ಲಿ ರಕ್ತ ಮೂರು ಪದರವಾಗಿ ನಿಂತಿತ್ತು. ನಾನು ರಕ್ತವೆಂದರೆ ಬರೀ ಕೆಂಪು ಎಂದುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಹಳದಿ ನೀರು ಅಕ್ಕ, ನಮ್ಮ ಹಳೆಯ ಗಂಜಿ ಹಾಕಿದ ಬಟ್ಟೆ ಹಿಂಡಿದರೆ ಬರುತ್ತದಲ್ಲ, ಆ ಬಣ್ಣ. ಅದು ಪ್ಲಾಸ್ಮಾ. ತಳದಲ್ಲಿ ಕೆಂಪು ಕಣಗಳು. ಅವು ಉಸಿರನ್ನು ಹೊತ್ತು ಮೈಯೆಲ್ಲ ಹಂಚುತ್ತವೆ. ಎರಡರ ನಡುವೆ ಬೆಳ್ಳಗೆ ಉಗುರಿನ ಅಂಚಿನಷ್ಟು ತೆಳುವಾದ ಗೆರೆ. "ಬಿಳಿ ಕಣಗಳು, ಪ್ಲೇಟ್‌ಲೆಟ್‌ಗಳು ಎಲ್ಲಾ ಇಷ್ಟರಲ್ಲೇ ಇವೆ" ಎಂದರು. ಬಿಳಿ ಕಣಗಳು ಕಾವಲಿನವು, ಹೊರಗಿನದು ಏನು ಬಂದರೂ ಮೇಲೆ ಬೀಳುತ್ತವೆ. ಹೀಗೆ ಬೇರೆ ಬೇರೆ ಆಗಿದ್ದು ಹೇಗೆ ಎಂದು ಕೇಳಿದೆ. ಪಕ್ಕದಲ್ಲೇ ಇದ್ದ ಯಂತ್ರದ ಮುಚ್ಚಳ ತೆಗೆದು ತೋರಿಸಿದರು. ನೋಡಿದರೆ ನಮ್ಮ ಲಾಂಡ್ರಿಯ ಸ್ಪಿನ್ನರ್! ಬಟ್ಟೆಯಿಂದ ನೀರು ಹಿಂಡುವ ಅದೇ ತಿರುಗುವ ತೊಟ್ಟಿ, ಇನ್ನೂ ಗಡದ್ದಾಗಿದೆ ಅಷ್ಟೆ. ಭಾರದ್ದು ಹೊರಕ್ಕೆ ಹೋಗಿ ಕೂರುತ್ತದೆ, ಹಗುರದ್ದು ಒಳಗೆ ಉಳಿಯುತ್ತದೆ. "ಒಂದು ಕಡೆಗೇ ಭಾರ ತುಂಬಿದ್ರೆ ಇದೂ ಕುಣಿಯುತ್ತಾ?" ಎಂದೆ. ಡಾಕ್ಟರಮ್ಮ ಮೊದಲ ಸಲ ನಕ್ಕರು. "ಕುಣಿಯೋದೇನು, ಗೋಡೆ ಹತ್ತುತ್ತೆ" ಎಂದರು.

ಆಮೇಲೆ ವಿಷಯಕ್ಕೆ ಬಂದರು. ಎ, ಬಿ, ಒ ಎಂದು ನಾವು ಹೇಳುವ ಗುಂಪು ಮುಖ್ಯವಾಗಿ ಕೆಂಪು ಕಣದ ಗುರುತಂತೆ. ಪ್ಲೇಟ್‌ಲೆಟ್‌ಗೆ ತನ್ನದೇ ಬೇರೆ ಗುರುತುಗಳಿವೆ. ಅಂಥ ಒಂದು ಗುರುತು ಸುಮಾರು ಎಲ್ಲರಲ್ಲೂ ಇರುತ್ತದೆ, ನಮ್ಮ ಮಗಳಲ್ಲಿ ಇಲ್ಲ. ಅಳಿಯನಲ್ಲಿ ಇದೆ, ಮಗುವಿಗೆ ಅಪ್ಪನಿಂದ ಬಂದಿದೆ. ಹೊಟ್ಟೆಯಲ್ಲಿದ್ದಾಗಲೇ ಮಗಳ ಮೈ ಅದನ್ನು ಪರಕೀಯ ಎಂದು ತಿಳಿದು, ಅದರ ವಿರುದ್ಧ ತನ್ನ ಹಳದಿ ನೀರಿನಲ್ಲಿ ಪ್ರತಿಕಾಯ ಎಂಬ ಎದುರಾಳಿಯನ್ನು ತಯಾರಿಸಿ ಮಗುವಿಗೆ ಕಳಿಸಿದೆ. ರಕ್ತನಿಧಿಯ ಚೀಲದಲ್ಲಿದ್ದ ಪ್ಲೇಟ್‌ಲೆಟ್‌ಗೂ ಅದೇ ಗುರುತು ಇತ್ತು, ಅದನ್ನೂ ಆ ಪ್ರತಿಕಾಯ ಹುಡುಕಿ ಹುಡುಕಿ ಮುಗಿಸಿದೆ. ನಂಬಿಕೆಯಾಗಲಿ ಎಂದು ಅಳಿಯನ ಪ್ಲೇಟ್‌ಲೆಟ್‌ಗೆ ಮಗಳ ಪ್ಲಾಸ್ಮಾ ಸೇರಿಸಿ ಪರೀಕ್ಷೆ ಮಾಡಿದ್ದರು. ಎರಡಕ್ಕೂ ಸ್ವಲ್ಪವೂ ಆಗಿಬರಲಿಲ್ಲ. ಮನೆಯಲ್ಲಿ ಒಂದು ದಿನ ದನಿಯೇರಿಸಿ ಮಾತಾಡಿದವರಲ್ಲ ಈ ಗಂಡ ಹೆಂಡತಿ, ಕೊಳವೆಯೊಳಗೆ ಕೈಕೈ ಮಿಲಾಯಿಸಿದ್ದಾರೆ!

ಅಳಿಯ ಆಗಲೇ ತೋಳು ಮಡಿಸಿದ್ದ. "ನನ್ನ ಪ್ಲೇಟ್‌ಲೆಟ್ ತಗೊಳ್ಳಿ ಡಾಕ್ಟ್ರೇ, ನನ್ನ ಮಗಳು ಅದು."

"ನಿಮ್ಮದಂತೂ ಬೇಡವೇ ಬೇಡ. ಮಗು ಮೈಯಲ್ಲಿ ಈಗ ಹೊಡೆತ ತಿಂತಿರೋದೇ ನಿಮ್ಮ ಗುರುತು" ಎಂದರು ಡಾಕ್ಟರಮ್ಮ. ಪಾಪ, ಮಡಿಸಿದ ತೋಳನ್ನು ಹಾಗೇ ಹಿಡಿದುಕೊಂಡು ನಿಂತ.

ಮೇಲೆ ಬಂದು ಮಗಳಿಗೆ ಹೇಳಿದೆವು. ಹೇಳಬಾರದಿತ್ತೋ ಏನೋ. ಅವಳು ಅಳಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದಳು. "ನಂದು ವಿಷದ ರಕ್ತ ಅಮ್ಮ. ಇನ್ನು ಹಾಲೂ ಕೊಡಲ್ಲ, ಮುಟ್ಟೋದೂ ಇಲ್ಲ. ನೀನೇ ಸಾಕು" ಎಂದಳು. ಅಕ್ಕ, ನನ್ನ ಮಗಳು ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುವವಳು, ಸ್ಟೀಮ್ ಪ್ರೆಸ್ಸಿನಲ್ಲಿ ಕೈ ಸುಟ್ಟುಕೊಂಡಾಗಲೂ ಹಲ್ಲು ಕಚ್ಚಿ ಷರ್ಟು ಮುಗಿಸಿದವಳು. ಅವಳು ಸೋತು ಮಲಗಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಷ್ಟರಲ್ಲಿ ಡಾಕ್ಟರಮ್ಮ ತಾವೇ ಬಂದರು. ಮಗಳ ಮಂಚದ ಮೇಲೆ ಕುಳಿತು ಅವಳ ಮುಖ ತಮ್ಮ ಕಡೆ ತಿರುಗಿಸಿಕೊಂಡರು. "ಹಾಲು ಧಾರಾಳವಾಗಿ ಕೊಡು, ಏನೂ ಆಗಲ್ಲ. ಇನ್ನೊಂದು ಕೇಳು. ಈ ಮಗುಗೆ ಬೇಕಾಗಿರೋದು ಆ ಗುರುತು ಇಲ್ಲದ ಪ್ಲೇಟ್‌ಲೆಟ್. ಇಡೀ ಊರಲ್ಲಿ ಇವತ್ತು ಅದು ನನಗೆ ಸಿಗೋದು ಒಬ್ಬರ ಹತ್ತಿರ. ನಿನ್ನ ಹತ್ತಿರ."

"ನನ್ನ ರಕ್ತಾನಾ?" ಎಂದಳು ಹುಡುಗಿ.

"ತೊಂದರೆ ಇರೋದು ನಿನ್ನ ಹಳದಿ ನೀರಲ್ಲಿ. ನಿನ್ನ ಪ್ಲೇಟ್‌ಲೆಟ್ ಚಿನ್ನ. ತೆಗೀತೀನಿ, ನೀರೆಲ್ಲ ಹೋಗೋ ಹಾಗೆ ತೊಳೀತೀನಿ, ಮಗುಗೆ ಹಾಕ್ತೀನಿ."

ತೊಳೆಯುತ್ತೇನೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಜೀವಮಾನವಿಡೀ ಹೋಟೆಲಿನ, ಆಸ್ಪತ್ರೆಯ ಹೊದಿಕೆಗಳಿಂದ ರಕ್ತದ ಕಲೆ ತೊಳೆದವಳು ನಾನು. ರಕ್ತವನ್ನೇ ತೊಳೆಯಬಹುದು ಎಂದು ಯಾರು ಹೇಳಿದ್ದರು? "ತಣ್ಣೀರಲ್ಲಿ ತೊಳೀರಿ ಡಾಕ್ಟ್ರೇ, ಬಿಸಿ ತಾಗಿದ್ರೆ ರಕ್ತ ಅಲ್ಲೇ ಕಚ್ಕೊಳ್ಳುತ್ತೆ" ಎಂದುಬಿಟ್ಟೆ. ಮೀಸೆಯ ಟೆಕ್ನಿಷಿಯನ್ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದರು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಪ್ಪಿನ ದ್ರಾವಣವಂತೆ. ತಣ್ಣಗಾದರೆ ಪ್ಲೇಟ್‌ಲೆಟ್ ಕೆಟ್ಟುಹೋಗುತ್ತದಂತೆ. ಕೆಂಪು ಕಣದ ಚೀಲಗಳು ಫ್ರಿಜ್ಜಿನಲ್ಲಿ, ಪ್ಲಾಸ್ಮಾ ಕಲ್ಲಿನಂತೆ ಹೆಪ್ಪುಗಟ್ಟಿಸಿದ್ದು, ಪ್ಲೇಟ್‌ಲೆಟ್ ಮಾತ್ರ ಕೋಣೆಯ ಹದದಲ್ಲೇ ಇರಬೇಕು, ಅದೂ ಹಗಲಿರುಳು ತೂಗುತ್ತಾ. ಅದಕ್ಕೆಂದೇ ಅತ್ತಿತ್ತ ಆಡುವ ತಟ್ಟೆಗಳ ಯಂತ್ರವಿದೆ. ಆ ಮೀಸೆಯವರು ಅದರ ಮುಂದೆ ಸದಾ ಕೂತಿರುವುದರಿಂದ ನಾನು ಅವರಿಗೆ ತೊಟ್ಟಿಲಪ್ಪ ಎಂದು ಹೆಸರಿಟ್ಟೆ. ಈಗ ರಕ್ತನಿಧಿಯವರೆಲ್ಲ ಹಾಗೇ ಕರೆಯುತ್ತಾರೆ.

ಮಗಳನ್ನು ಗಾಲಿಕುರ್ಚಿಯಲ್ಲಿ ಕೆಳಗೆ ಕರೆದೊಯ್ದೆವು. ಹೆರಿಗೆಯಾಗಿ ಇನ್ನೂ ನೆಟ್ಟಗೆ ಕೂರಲಾರಳು, ಆದರೆ ಮುಖದಲ್ಲಿ ಹೋದ ಕಳೆ ಬಂದಿತ್ತು. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಯಂತ್ರ ಪ್ಲೇಟ್‌ಲೆಟ್ ಮಾತ್ರ ಎತ್ತಿಟ್ಟುಕೊಂಡು ಕೆಂಪನ್ನು ಅವಳಿಗೇ ಹಿಂದಿರುಗಿಸುತ್ತದೆ. ಇಷ್ಟು ನಿಯತ್ತಿನ ಯಂತ್ರವನ್ನು ನಾನು ನೋಡಿಲ್ಲ. ನಡುವೆ "ತುಟಿಯೆಲ್ಲ ಜುಮ್ ಅಂತಿದೆ" ಎಂದಳು. ರಕ್ತ ಗಟ್ಟಿಯಾಗದಂತೆ ಬೆರೆಸುವ ಔಷಧಿಯಿಂದ ಹಾಗಾಗುತ್ತದಂತೆ, ಕ್ಯಾಲ್ಸಿಯಂ ಗುಳಿಗೆ ಕೊಟ್ಟರು. ಚೀಲ ತುಂಬಿದ ಮೇಲೆ ತೊಟ್ಟಿಲಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲನೆ ಅಲುಗಿಸಿದರು. ಒಳಗೆ ರೇಷ್ಮೆ ಬಟ್ಟೆ ಬಿಸಿಲಿಗೆ ತಿರುಗಿಸಿದ ಹಾಗೆ ಮಿರಮಿರನೆ ಸುಳಿ ಎದ್ದಿತು. "ಹೀಗೆ ಸುಳಿ ಕಂಡ್ರೆ ಗಟ್ಟಿ ಪ್ಲೇಟ್‌ಲೆಟ್ ಅಂತ. ನಿಮ್ಮ ಮಗಳದು ಫಸ್ಟ್ ಕ್ಲಾಸ್" ಎಂದರು. ಮಗಳು ಮಲಗಿದ್ದಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ಅವಳಿಗೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಇಷ್ಟು ಖುಷಿಪಟ್ಟಿರಲಿಲ್ಲ.

ಆಮೇಲೆ ತೊಳೆದರು. ತಿರುಗಿಸಿ ಹಳದಿ ನೀರು ತೆಗೆಯುವುದು, ಹೊಸ ದ್ರಾವಣ ಹಾಕುವುದು, ಮತ್ತೆ ತಿರುಗಿಸುವುದು. ಜಾಲಾಡಿಸುವುದೆಂದರೆ ಎಲ್ಲ ಕಡೆ ಒಂದೇ. ನಾನು ಗಾಜಿನಾಚೆ ನಿಂತು "ಇನ್ನೊಂದು ನೀರು, ಇನ್ನೊಂದು ನೀರು" ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ತಾಯಿಯ ಬಿಳಿ ಕಣ ಒಂದೆರಡು ಉಳಿದು ಮಗುವಿನ ಮೈಯಲ್ಲಿ ಹೊಸ ಜಗಳ ತೆಗೆಯಬಾರದೆಂದು ಕಿರಣ ಹಾಯಿಸುವ ಪೆಟ್ಟಿಗೆಯಲ್ಲೂ ಇಟ್ಟು ತೆಗೆದರು. ತೊಳೆದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ. ತೊಟ್ಟಿಲಪ್ಪ ಚೀಲವನ್ನು ಅಂಗೈಗಳ ಮೇಲೆ ತೂಗುತ್ತಲೇ ಮೆಟ್ಟಿಲು ಹತ್ತಿದರು, ಹಿಂದೆ ನಾನು, ನನ್ನ ಹಿಂದೆ ಅಳಿಯ, ಅವನ ಹಿಂದೆ ಬಣ್ಣ ಕಳೆದುಕೊಂಡ ನಿಮ್ಮ ತಮ್ಮ.

ಮಗುವಿನ ಪುಟ್ಟ ಕೈಯ ನಾಳಕ್ಕೆ ಆ ತೊಳೆದ ಹನಿಗಳು ಇಳಿದವು. ಸಂಜೆ ಎಣಿಸಿದರು, ಏರಿತ್ತು. ಅಳಿಯ ಈ ಸಲ ಯಾರ ಕೈಯನ್ನೂ ಕುಲುಕಲಿಲ್ಲ, ಒಮ್ಮೆ ಮೋಸ ಹೋಗಿದ್ದೆವಲ್ಲ. ಬೆಳಿಗ್ಗೆ ಮತ್ತೆ ಎಣಿಸಿದರು. ಮಕ್ಕಳ ಡಾಕ್ಟರು ಚೀಟಿ ಹಿಡಿದುಕೊಂಡು ಬಂದರು. ಆ ಮನುಷ್ಯ ನಗುವುದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. "ನಿಂತಿದೆ! ಒಂದೂ ಇಳಿದಿಲ್ಲ, ಇನ್ನಷ್ಟು ಏರಿದೆ" ಎಂದರು. ತಲೆಯೊಳಗೆ ಇನ್ನೊಮ್ಮೆ ನೋಡಿದರು, ಒಂದು ಹನಿಯೂ ಸೋರಿಲ್ಲ. ಅಳಿಯ ನೆಲದ ಮೇಲೆ ಕುಳಿತು ಅತ್ತ. ನಾನು ಕುಣಿದೆ ಅಕ್ಕ, ಸುಳ್ಳು ಹೇಳುವುದೇಕೆ, ಆಸ್ಪತ್ರೆಯ ವರಾಂಡದಲ್ಲಿ ಈ ಮಂಡಿನೋವು ಇಟ್ಟುಕೊಂಡು ಕುಣಿದೆ. ಬೀಗಿತ್ತಿ ಮಗಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ನನ್ನ ನಾಲಿಗೆಗೆ ಬೆಂಕಿ ಬೀಳ. ತಪ್ಪು ತಿಳ್ಕೊಂಡೆ ಕಣಮ್ಮ" ಎಂದರು. ಮಗಳು ಮಗುವನ್ನೆತ್ತಿ ಅವರ ಮಡಿಲಿಗೆ ಹಾಕಿದಳು.

ತಾಯಿಯಿಂದ ಬಂದ ಪ್ರತಿಕಾಯ ಕೆಲವು ವಾರಗಳಲ್ಲಿ ತಾನಾಗಿ ಕರಗಿಹೋಗುತ್ತದಂತೆ. ಇನ್ನೊಂದು ಸಲ ಮಗಳ ಪ್ಲೇಟ್‌ಲೆಟ್ ಬೇಕಾಯಿತು, ಆಮೇಲೆ ಬೇಕಾಗಲಿಲ್ಲ. ಈಗ ಮಗು ತನ್ನದನ್ನು ತಾನೇ ಮಾಡಿಕೊಳ್ಳುತ್ತಿದೆ. ನೀಲಿ ಗುರುತು ಹಸಿರಾಗಿ, ಹಳದಿಯಾಗಿ, ಮಾಯವಾಗಿದೆ. ಮುಂದಿನ ಬಸುರಿನಲ್ಲಿ ಮೊದಲೇ ಎಚ್ಚರ ವಹಿಸಲು ಡಾಕ್ಟರಮ್ಮ ಎಲ್ಲ ಬರೆದುಕೊಟ್ಟಿದ್ದಾರೆ. ಮಗಳಿಗೆ ಆ ಗುರುತು ಯಾಕಿಲ್ಲ ಎಂದು ತಿಳಿಯಲು ನನ್ನ ರಕ್ತವನ್ನೂ ನೋಡಿದರು. ನನ್ನಲ್ಲೂ ಇಲ್ಲ! ನಿಮ್ಮ ತಮ್ಮನಲ್ಲಿ ಒಂದು ಪಾಲು ಇದೆ, ಒಂದು ಪಾಲು ಇಲ್ಲ. ಮಗಳಿಗೆ ಅವರಿಂದ ಆ ಇಲ್ಲದ ಪಾಲೇ ಬಂದು ನನ್ನ ಹಾಗೇ ಆಗಿದ್ದಾಳೆ. ಸಾವಿರಕ್ಕೊಬ್ಬರು ಎನ್ನುವಂಥ ರಕ್ತವಂತೆ ನಮ್ಮಿಬ್ಬರದು. ಮದುವೆಗೆ ಮುಂಚೆ ನಿಮ್ಮ ಮನೆಯವರು ನನ್ನಲ್ಲಿ ಏನೂ ವಿಶೇಷವಿಲ್ಲ ಎಂದಿದ್ದರಲ್ಲ, ಈಗ ಹೇಳಿ ನೋಡೋಣ!

ಮಗು ಈಗ ಇಲ್ಲೇ, ಇಸ್ತ್ರಿ ಮಾಡಿದ ಬಟ್ಟೆಗಳ ಗೂಡಿನ ಪಕ್ಕದಲ್ಲಿ ಮಲಗಿದೆ. ಬೆಚ್ಚಗಿನ ಜಾಗ ಎಂದು ಮಗಳು ಅಲ್ಲೇ ಹಾಸಿದ್ದಾಳೆ. ನಿಮ್ಮ ತಮ್ಮ ಗಿರಾಕಿಗಳಿಗೆಲ್ಲ ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಪಾಠ ಹೇಳಿ ಬಟ್ಟೆ ಕೊಡುವುದನ್ನೇ ಮರೆಯುತ್ತಾರೆ. ತಾವು ಬಿದ್ದ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ನಿಮ್ಮ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಮೈಯಲ್ಲಿ ಹರಿಯುವುದೆಲ್ಲ ಗಟ್ಟಿಯಾಗಿರಲಿ. ನಮ್ಮ ಮಗುವಿಗೆ ನಿಮ್ಮ ಹಿರಿಯ ಕೈಯ ಹರಕೆ ಬೇಕು, ಬೇಗ ಬನ್ನಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ತಾ.ಕ.: ಅಕ್ಕ, ಇಷ್ಟು ಬರೆದು ಲಕೋಟೆ ಮುಚ್ಚಲು ಹೋದೆ, ಕೈ ಬರಲಿಲ್ಲ.

ನನ್ನ ರಕ್ತದ ರಿಪೋರ್ಟು ನೋಡಿ ಡಾಕ್ಟರಮ್ಮ ಕೇಳಿದರು, "ಈ ಮಗಳಿಗಿಂತ ಮುಂಚೆ ಇನ್ಯಾವುದಾದ್ರೂ ಮಗು ಆಗಿತ್ತಾ?" ಒಬ್ಬ ಗಂಡುಮಗ ಆಗಿದ್ದ ಎಂದೆ. ಹುಟ್ಟಿ ವಾರ ತುಂಬುವ ಮೊದಲೇ ತೀರಿಕೊಂಡ, ಬೆನ್ನು ತೊಡೆಯೆಲ್ಲ ನೀಲಿಗಟ್ಟಿತ್ತು, ಕೊನೆಗೆ ಮೂಗಿನಲ್ಲಿ ರಕ್ತ ಬಂತು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. "ಅದೂ ಇದೇ ಅಮ್ಮ. ಅವನಿಗೆ ಅಪ್ಪನ ಗುರುತು ಬಂದಿತ್ತು. ಆಗ ಯಾರಿಗೂ ತಿಳೀಲಿಲ್ಲ, ಅಷ್ಟೇ" ಎಂದರು.

ಅವನನ್ನು ಎತ್ತಿಕೊಂಡು ಹೋದ ದಿನ ನೀವು ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದಿರಿ, "ನಿದ್ದೆಗಣ್ಣಲ್ಲಿ ಇವಳೇ ಮೈಮೇಲೆ ಹೊರಳಿರ್ಬೇಕು." ನಾನು ಬಾಗಿಲ ಹಿಂದೆಯೇ ಇದ್ದೆ. ನೀವೂ ಅಳುತ್ತಿದ್ದಿರಿ, ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆಮೇಲೆ ನೀವು ಎಂದೂ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ನಂಬಿದೆ ಅಕ್ಕ. ಈ ಮಗಳು ಹುಟ್ಟಿದ ಮೇಲೆ ಒಂದು ರಾತ್ರಿಯೂ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ. ಬುಟ್ಟಿಯಲ್ಲಿಟ್ಟು, ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದೆ.

ಡಾಕ್ಟರಮ್ಮ ಹೇಳಿದ್ದನ್ನು ನಿಮ್ಮ ತಮ್ಮನೂ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ "ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ" ಎಂದರು. ಇಷ್ಟು ವರ್ಷ ನನ್ನ ಜೊತೆ ನಗುನಗುತ್ತಾ ಬಾಳಿದ ಮನುಷ್ಯ ಅಕ್ಕ. ಕ್ಷಮಿಸಿಬಿಟ್ಟಿದ್ದರಂತೆ ನನ್ನನ್ನು. ಮಾಡದ ತಪ್ಪಿಗೆ.

ನೀವು ಬಂದಾಗ ಮಗುವನ್ನು ಎತ್ತಿಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ತಮ್ಮನ ಎದುರಿಗೆ, ನಿಮ್ಮ ಬಾಯಿಂದಲೇ, ಒಂದೇ ಒಂದು ಸಲ ಹೇಳಿ: "ನೀನು ಹೊರಳಿರಲಿಲ್ಲ."